ಮರುಭೂಮಿಯ ಧೂಳು, ಸೌರಫಲಕ: ಪುಣೆಯವರಿಗೂ ಅದೇ ಪಾಡೇ?

ಜೈಸಲ್ಮೇರ್‌ನಲ್ಲಿರುವ ನಿಮ್ಮ ಭಾವನವರ ಮನೆಯ ಸೌರಫಲಕಗಳು ಧೂಳಿನಿಂದ ಸೊರಗುತ್ತಿವೆ, ಪುಣೆಯ ನಮ್ಮ ಚಾವಣಿಗೂ ಅದೇ ಗತಿಯೇ ಎಂದು ಕೇಳಿದ್ದೀರಿ. ಅಷ್ಟು ಕೆಡುವುದಿಲ್ಲ, ಆದರೆ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ.

ಮರುಭೂಮಿಯ ಧೂಳು ಬೆಳಕನ್ನು ತಡೆಯುವುದಷ್ಟೇ ಅಲ್ಲ, ಗಾಜಿಗೆ ಕಚ್ಚಿಕೊಳ್ಳುತ್ತದೆ. ರಾತ್ರಿ ಗಾಜು ಬೇಗ ತಣ್ಣಗಾಗಿ ಇಬ್ಬನಿ ಕೂರುತ್ತದೆ. ಧೂಳಿನಲ್ಲಿರುವ ಲವಣಗಳು ಅದರಲ್ಲಿ ಕರಗುತ್ತವೆ. ಬೆಳಗಿನ ಬಿಸಿಲಿಗೆ ಒಣಗಿ ಗಾರೆಯಂತೆ ಗಟ್ಟಿಯಾಗುತ್ತವೆ. ಆಮೇಲೆ ಬರೀ ಗಾಳಿಗೆ ಹೋಗುವುದಿಲ್ಲ. ಫಲಕದ ಕೆಳ ಅಂಚಿನಲ್ಲಿ ಧೂಳು ಪಟ್ಟಿಯಾಗಿ ನಿಂತರೆ ಇನ್ನೂ ಕಷ್ಟ: ಫಲಕದೊಳಗೆ ವಿದ್ಯುತ್ ಹುಟ್ಟಿಸುವ ಕೋಶಗಳು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಮುಚ್ಚಿದ ಕೆಲವೇ ಕೋಶಗಳು ಉಳಿದವುಗಳ ವಿದ್ಯುತ್ತನ್ನೂ ತಗ್ಗಿಸುತ್ತವೆ, ತಾವೂ ಬಿಸಿಯೇರುತ್ತವೆ. ಸೆಕೆಯ ಹೊಡೆತ ಬೇರೆ: ಸಿಲಿಕಾನ್ ಫಲಕದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.5ರಷ್ಟು ಉತ್ಪಾದನೆ ಇಳಿಯುತ್ತದೆ. ರಾಜಸ್ಥಾನದ ಭಡ್ಲಾ ಸೌರವಿದ್ಯುತ್ ಪಾರ್ಕ್‌ನಲ್ಲಿ ನೀರಿಲ್ಲದೆ ಧೂಳು ಒರೆಸುವ ರೋಬೋಟ್‌ಗಳನ್ನು ಸುಮ್ಮನೆ ಇಟ್ಟಿಲ್ಲ.

ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ತೊಳೆಯುತ್ತದೆ. ತೊಂದರೆ ಇರುವುದು ದೀಪಾವಳಿಯ ನಂತರ, ಅದೂ ಹಿಂಜೆವಾಡಿ, ವಾಘೋಲಿಯಂಥ ಕಟ್ಟಡಗಳು ಏಳುತ್ತಲೇ ಇರುವ ಕಡೆ. ಇಬ್ಬನಿಗೆ ನೆನೆದ ಸಿಮೆಂಟ್ ಪುಡಿ ಬಲು ಹಟಮಾರಿ. ಬೆಳಗ್ಗೆ ಫಲಕ ತಣ್ಣಗಿರುವಾಗಲೇ ನೀರು ಹಾಕಿ ಮೃದುವಾದ ಬಟ್ಟೆಯಿಂದ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಬೇಡ. ಟ್ಯಾಂಕರ್‌ನ ಗಡಸು ನೀರಾದರೆ ಒಣಗುವ ಮೊದಲೇ ಒರೆಸಿ. ಇಲ್ಲವಾದರೆ ಧೂಳು ಹೋಗಿ ಬಿಳಿ ಕಲೆ ಉಳಿಯುತ್ತದೆ.