80ನೇ ನಿಮಿಷದ ಸ್ಕೋರನ್ನೂ ಬರೆದಿಡಿ

ನಮಸ್ಕಾರ. ಕೊನೆಯ ಹತ್ತು ನಿಮಿಷಗಳಲ್ಲಿ ಬಿಟ್ಟುಕೊಟ್ಟ ಗೋಲುಗಳಿಂದ ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ವರ್ಷ ವರ್ಷ ಎಷ್ಟು ಕಳೆದುಕೊಂಡಿದೆ, ಅದನ್ನು ಲೆಕ್ಕ ಹಾಕುವುದು ಹೇಗೆ ಎಂದು ಬೀದರಿನಿಂದ ಕೇಳಿದ್ದೀರಿ. ಗೋಲುಗಳನ್ನು ಎಣಿಸಬೇಡಿ, ಅಂಕಗಳನ್ನು ಎಣಿಸಿ. ಪ್ರತಿ ಪಂದ್ಯಕ್ಕೂ 80ನೇ ನಿಮಿಷದ ಸ್ಕೋರು ಮತ್ತು ಅಂತಿಮ ಸ್ಕೋರು ಅಕ್ಕಪಕ್ಕ ಬರೆಯಿರಿ. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು; ಹಾಗಾಗಿ ಗೆಲುವು ಡ್ರಾ ಆದರೆ ಎರಡು ಅಂಕ ನಷ್ಟ, ಡ್ರಾ ಸೋಲಾದರೆ ಒಂದು. 3-0 ಇದ್ದದ್ದು 3-1 ಆದರೆ ಏನೂ ಇಲ್ಲ. ನಮ್ಮ ತಂಡ ತಡವಾಗಿ ಹೊಡೆದು ಗಳಿಸಿದ್ದನ್ನೂ ಕೂಡಿಸಲೇಬೇಕು. ನಮಗೆ ನೋವಾದದ್ದೇ ಹೆಚ್ಚು ನೆನಪಿರುತ್ತದೆ.

2015ರ ಮೇ 31 ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಂಠೀರವದಲ್ಲಿ ಮೋಹನ್ ಬಗಾನ್ ವಿರುದ್ಧ 1-0 ಮುಂದಿದ್ದೆವು. 87ನೇ ನಿಮಿಷದಲ್ಲಿ ಬಗಾನ್‌ನ ಬೆಲ್ಲೊ ರಜಾಕ್ ಹೆಡ್ ಮಾಡಿದ ಚೆಂಡು ಬಲೆ ಸೇರಿತು. ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನ ಅಂತಿಮ ಅಂಕಪಟ್ಟಿಯಲ್ಲಿ ಬಗಾನ್ 39, ನಾವು 37; ಪ್ರಶಸ್ತಿ ಅವರದಾಯಿತು. ಆ ಒಂದು ಗೋಲು ಇಲ್ಲದಿದ್ದರೆ ನಾವು 39, ಅವರು 38! 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ನಮ್ಮ ರಾಹುಲ್ ಭೆಕೆ ಕಪ್ ತಂದುಕೊಟ್ಟರು, ಆದರೆ ಅದು ಅಂಕಪಟ್ಟಿಯ ಲೆಕ್ಕಕ್ಕೆ ಬರುವುದಿಲ್ಲ.

ಒಂದೇ ಋತುವನ್ನು ನೋಡಿ ತೀರ್ಮಾನಿಸಬೇಡಿ, ನಾಲ್ಕೈದಾದರೂ ಬೇಕು. ಆಮೇಲೂ ನಷ್ಟವೇ ಹೆಚ್ಚಾಗಿದ್ದರೆ ಬದಲಿ ಆಟಗಾರರನ್ನು ಯಾವಾಗ ಇಳಿಸಿದರು ಎಂದು ನೋಡಿ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಆಡಿದವನಿಗೆ ಇದು ಗೊತ್ತು: ಡಿಫೆಂಡರ್ ಮಂಡಿಯ ಮೇಲೆ ಕೈಯೂರಿ ಉಸಿರು ತೆಗೆದುಕೊಳ್ಳುವ ಹೊತ್ತಿಗೇ ಚೆಂಡು ಅವನ ಬೆನ್ನ ಹಿಂದೆ ಬಿದ್ದಿರುತ್ತದೆ.