ಓದುಗರ ಪ್ರಶ್ನೆ: ಕಂಡ ಹಕ್ಕಿ ಮತ್ತೆ ಸಿಗುವುದು ಹೇಗೆ?

ಪ್ರಶ್ನೆ: ನಮ್ಮ ಪಕ್ಷಿವೀಕ್ಷಣಾ ತಂಡದ ಒಬ್ಬರಿಗೆ ಪೊದೆಸಾಲಿನಲ್ಲಿ ಅಪರೂಪದ ಸಣ್ಣ ವಲಸೆ ಹಕ್ಕಿಯೊಂದು ಕಂಡಿತಂತೆ. ಮಾರನೇ ದಿನ ಹನ್ನೆರಡು ಜನ ಎರಡು ಗಂಟೆ ಸುತ್ತಿದರೂ ಸಿಗಲಿಲ್ಲ. ಎಲ್ಲಿ ಎಡವಿದೆವು?

ಉತ್ತರ: ಸುತ್ತಿದ್ದೇ ಎಡವಟ್ಟು. ಅಷ್ಟು ಜನರ ಹೆಜ್ಜೆ ಸಪ್ಪಳ ಕೇಳಿದರೆ ಪೊದೆಯೊಳಗಿನ ಹಕ್ಕಿ ಹೊರಗೆ ಇಣುಕುವುದಿಲ್ಲ. ಮೊದಲು, ಕಂಡವರನ್ನೇ ಕೂರಿಸಿಕೊಂಡು ಕೇಳಿ: ಎಷ್ಟು ಹೊತ್ತಿಗೆ ಕಂಡಿತು, ನೆಲದಿಂದ ಎಷ್ಟೆತ್ತರದಲ್ಲಿತ್ತು, ಏನು ಮಾಡುತ್ತಿತ್ತು? 'ಆ ಮರದ ಹತ್ತಿರ' ಎಂಬ ಉತ್ತರ ಸಾಲದು. ನೆಲ ಕೆದಕುತ್ತಿದ್ದ ಹಕ್ಕಿಯನ್ನು ಮರದ ತುದಿಯಲ್ಲಿ ಹುಡುಕಿ ಕತ್ತು ನೋಯಿಸಿಕೊಳ್ಳುವವರೇ ಹೆಚ್ಚು.

ಅದೇ ಹೊತ್ತಿಗೆ, ಬಿಸಿಲು ಬೆನ್ನಿಗೆ ಬೀಳುವ ಕಡೆಯಿಂದ ಹೋಗಿ. ಮೂರು-ನಾಲ್ಕು ಜನರಂತೆ ಒಡೆದು, ನಡುವೆ ಅಂತರ ಬಿಟ್ಟು, ಒಂದೊಂದು ಕಡೆ 15 ನಿಮಿಷವಾದರೂ ಅಲುಗದೆ ನಿಲ್ಲಿ. ಹಿಂಡು ಬಂದರೆ ಅದರ ಒಂದೊಂದು ಹಕ್ಕಿಯನ್ನೂ ನೋಡಿ. ದಾರಿ ತಪ್ಪಿ ಬಂದದ್ದು ತನ್ನನ್ನು ಹೋಲುವ ಹಕ್ಕಿಗಳ ಜೊತೆ ಸೇರಿಕೊಳ್ಳುವುದುಂಟು. ಸಿಕ್ಕಿದರೆ ಕೈಚಾಚಿ ಕೂಗಬೇಡಿ. ಮರವನ್ನು ಗಡಿಯಾರ ಎಂದುಕೊಂಡು, 'ಎರಡು ಗಂಟೆಯ ಕಡೆ, ಒಣಕೊಂಬೆಯ ಕೆಳಗೆ' ಎಂದು ಪಿಸುಗುಟ್ಟಿದರೆ ಸಾಕು. ಉಳಿದವರು ಬರಿಗಣ್ಣಿಗೆ ಹಕ್ಕಿ ಸಿಕ್ಕ ಮೇಲೆ, ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಮೊದಲೇ ಎತ್ತಿಕೊಂಡು ಹುಡುಕಿದರೆ ಬರೀ ಎಲೆ ಕಾಣುತ್ತದೆ. 8×42 ಅಳತೆಯದು (8 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ್ದು) ಈ ಕೆಲಸಕ್ಕೆ ಧಾರಾಳವಾಯಿತು; 12 ಪಟ್ಟು ಹಿಗ್ಗಿಸುವುದರಲ್ಲಿ ಕೈನಡುಕವೂ ಹಿಗ್ಗುತ್ತದೆ, ನೋಟದ ಹರವು ಕಿರಿದಾಗುತ್ತದೆ.

ಇನ್ನೊಂದು: ಸಣ್ಣ ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರುತ್ತವೆ. ಹಿಂದಿನ ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿಯೂ ಒದಗಿ ಬಂದಿದ್ದರೆ ನಿಮ್ಮ ಹಕ್ಕಿ ಹೊರಟೇ ಹೋಗಿರಬಹುದು. ಮಳೆ ಸುರಿದಿದ್ದರೆ ಉಳಿದಿರುವ ಸಂಭವ ಹೆಚ್ಚು.

ಪ್ರಶ್ನೆ: ಹಣೆಯ ಮೇಲೆ ಹಳದಿ ಪಟ್ಟಿಯಿರುವ ಸೂರಕ್ಕಿ ಕಂಡೆ. ಯಾವ ಪುಸ್ತಕದಲ್ಲೂ ಇಲ್ಲ. ಹೊಸ ಜಾತಿಯೇ?

ಉತ್ತರ: ಬಹುತೇಕ ಪರಾಗ! ಹೂವಿಗೆ ಕೊಕ್ಕಿಡುವಾಗ ಹಣೆಗೆ ಮೆತ್ತಿಕೊಳ್ಳುತ್ತದೆ. ಅಪರೂಪದ್ದು ಎನ್ನುವ ಮುನ್ನ ಹಳೇ ಗರಿ ಉದುರಿಸುತ್ತಿರುವ ಹಕ್ಕಿ, ಇನ್ನೂ ಪೂರ್ತಿ ಬಣ್ಣ ಬಾರದ ಮರಿ, ಅಲ್ಲಲ್ಲಿ ಬಿಳಿ ಗರಿ ಮೂಡಿದ ಮಾಮೂಲಿ ಹಕ್ಕಿ, ಪಂಜರದಿಂದ ತಪ್ಪಿಸಿಕೊಂಡದ್ದು, ಇವಿಷ್ಟೂ ಅಲ್ಲವೆಂದು ಖಚಿತ ಮಾಡಿಕೊಳ್ಳಿ. ಬಣ್ಣಕ್ಕಿಂತ ಕೊಕ್ಕಿನ ಆಕಾರ, ಕಾಲಿನ ಉದ್ದವನ್ನು ನಂಬಬಹುದು. ಕಂಡದ್ದನ್ನು ಪುಸ್ತಕ ತೆರೆಯುವ ಮುಂಚೆಯೇ ಬರೆದಿಡಿ; ಚಿತ್ರ ನೋಡಿದ ಮೇಲೆ ನೆನಪು ಚಿತ್ರದಂತೆಯೇ ಆಗಿಬಿಡುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯಬಹುದೇ?

ಉತ್ತರ: ಬೇಡ. ಗೂಡಿನ ಕಾಲದಲ್ಲಂತೂ ಎದುರಾಳಿ ಬಂದನೆಂದು ಗಂಡು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಅದೇ ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ರೆಕಾರ್ಡ್ ಮಾಡಿಕೊಳ್ಳಿ. ಕೂಗು ಕೇಳಿ ಹಕ್ಕಿಯ ಗುರುತು ಹೇಳುವ ಮರ್ಲಿನ್ ಆ್ಯಪ್ ತೋರಿಸುವ ಹೆಸರು ಸುಳಿವು ಮಾತ್ರ, ಪುರಾವೆಯಲ್ಲ. ಪಕ್ಷಿವೀಕ್ಷಕರು ಕಂಡ ಹಕ್ಕಿಗಳ ಪಟ್ಟಿ ಹಾಕುವ ಜಾಲತಾಣ ಇ-ಬರ್ಡ್‌ನಲ್ಲಿ ಅಪರೂಪದ ಹಕ್ಕಿ ದಾಖಲಿಸಿದರೆ ವಿವರ ಕೇಳುತ್ತಾರೆ, ಆಗ ಈ ಧ್ವನಿ, ಮಸುಕಾದರೂ ಸರಿ ಒಂದು ಫೋಟೊ ಕೆಲಸಕ್ಕೆ ಬರುತ್ತದೆ. ಗೂಡು ಕಂಡಿದ್ದರೆ ಮಾತ್ರ ಅದರ ಜಾಗವನ್ನು ಯಾವ ಗುಂಪಿನಲ್ಲೂ ಹಂಚಬೇಡಿ.