ಹೇಡಿಗೂ ಹಸುವಿಗೂ ಏನು ನಂಟು?

ಪ್ರಶ್ನೆ: ಲಾಲ್‌ಬಾಗಿಗೆ ಬೆಳಗಿನ ವಾಯುಸೇವನೆಗೆ ಬರುವ ಗೆಳೆಯರೊಬ್ಬರು, ಹೇಡಿ ಎಂಬರ್ಥದ ಇಂಗ್ಲಿಷಿನ ‘ಕೌವರ್ಡ್’ ಪದವು ದನಗಾಹಿ ಎಂಬರ್ಥದ ‘ಕೌಹರ್ಡ್’ನಿಂದ ಬಂದಿದೆ ಎಂದು ವಾದಿಸುತ್ತಾರೆ. ಇದು ನಿಜವೇ? ಹೆದರಿ ಮುದುಡಿಕೊಳ್ಳುವುದಕ್ಕೆ ಹೇಳುವ ‘ಕೌವರ್’ ಕೂಡ ಇದರ ಬಳಗದ್ದೇ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಗೆಳೆಯರ ವಾದಕ್ಕೆ ಕಾಗುಣಿತದ ಬೆಂಬಲವಿದೆಯೇ ಹೊರತು ಚರಿತ್ರೆಯ ಬೆಂಬಲವಿಲ್ಲ. ದನಗಾಹಿಯ ಪದ ಅಚ್ಚ ಇಂಗ್ಲಿಷಿನದು. ಆ ನುಡಿಯ ಹಳೆಯ ರೂಪದಲ್ಲಿ ಹಸುವನ್ನು ‘ಕೂ’ ಎನ್ನುತ್ತಿದ್ದರು. ಹೇಡಿಯ ಪದವಾದರೋ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಅವರ ಫ್ರೆಂಚಿನ ಮೂಲಕ 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದದ್ದು. ಹಳೆಯ ಫ್ರೆಂಚಿನ ‘ಕೊಆರ್ಟ್’ ಅದರ ಮೂಲರೂಪ. ಅದರ ಮೊದಲ ಭಾಗದಲ್ಲಿರುವುದು ಹಸುವಲ್ಲ, ಬಾಲ. ಬಾಲಕ್ಕೆ ಲ್ಯಾಟಿನ್ನಿನಲ್ಲಿ ‘ಕೌಡ’ ಎಂದು ಹೆಸರು. ಭಾನುವಾರ ನಿಮ್ಮ ಗಾಂಧಿ ಬಜಾರಿನ ದೋಸೆ ಹೋಟೆಲಿನ ಮುಂದೆ ಬೆಳೆಯುವ ‘ಕ್ಯೂ’ ಕೂಡ ಇದೇ ಬಾಲದಿಂದ ಬಂದ ಪದ.

ಎರಡನೆಯ ಭಾಗವಾದ ‘ಆರ್ಡ್’ ಇನ್ನೂ ಸ್ವಾರಸ್ಯಕರವಾಗಿದೆ. ಜರ್ಮನ್ ಮೂಲದ ಈ ಪ್ರತ್ಯಯಕ್ಕೆ ಮೊದಲಿದ್ದ ಅರ್ಥ ಗಟ್ಟಿ, ಕೆಚ್ಚಿನ ಎಂದು. ರಿಚರ್ಡ್, ಬರ್ನಾರ್ಡ್ ಮುಂತಾದ ಹೆಸರುಗಳಲ್ಲಿ, ಆದ್ದರಿಂದ ನಮ್ಮ ಫ್ರೇಜರ್ ಟೌನಿನ ರಿಚರ್ಡ್ಸ್ ಪಾರ್ಕಿನ ಹೆಸರಿನಲ್ಲಿಯೂ, ಇರುವುದು ಅದೇ. ಫ್ರೆಂಚರ ಬಾಯಲ್ಲಿ ಅದು ಕ್ರಮೇಣ ಬೈಗುಳದ ಬಾಲಂಗೋಚಿಯಾಯಿತು. ಕುಡುಕನನ್ನು ಇಂಗ್ಲಿಷರು ‘ಡ್ರಂಕರ್ಡ್’ ಎನ್ನುವುದೂ ಹಾಗೆಯೇ. ವೀರನ ಹೆಸರಿಗೆ ಭೂಷಣವಾಗಿದ್ದ ಪ್ರತ್ಯಯವೇ ಹೇಡಿಯ ಹಣೆಗೂ ಅಂಟಿಕೊಂಡಿತು.

ಬಾಲಕ್ಕೂ ಭಯಕ್ಕೂ ಸಂಬಂಧ ಬಂದದ್ದು ಹೇಗೆ ಎಂಬುದರಲ್ಲಿ ಪಂಡಿತರಿಗೆ ಏಕಮತವಿಲ್ಲ. ಓಡುವ ಪ್ರಾಣಿ ಬೆನ್ನಟ್ಟಿದವರಿಗೆ ತೋರಿಸುವುದು ಬಾಲವನ್ನೇ ಎಂಬುದು ಒಂದು ವಿವರಣೆ; ಹೆದರಿದ ನಾಯಿ ಅದನ್ನು ಹಿಂಗಾಲುಗಳ ನಡುವೆ ಸೇರಿಸಿಕೊಳ್ಳುತ್ತದೆ ಎಂಬುದು ಇನ್ನೊಂದು. ಯುರೋಪಿನ ವಂಶಲಾಂಛನಗಳಲ್ಲಿ ಹಾಗೆ ಬಾಲ ಮಡಚಿಕೊಂಡ ಸಿಂಹಕ್ಕೆ ‘ಕೌವರ್ಡ್’ ಎಂಬ ವಿಶೇಷಣವೇ ಇರುವುದರಿಂದ ಎರಡನೆಯದನ್ನು ತಳ್ಳಿಹಾಕಲಾಗದು. ಆದರೂ ನನ್ನ ಒಲವು ಮೊದಲನೆಯದರ ಕಡೆಗೆ. ಏಕೆಂದರೆ ರೆನಾರ್ ಎಂಬ ನರಿಯನ್ನು ಕುರಿತ ಮಧ್ಯಯುಗದ ಫ್ರೆಂಚ್ ಕಥೆಗಳಲ್ಲಿ ‘ಕೊಆರ್ಟ್’ ಎಂಬುದು ಮೊಲದ ಹೆಸರು, ಮತ್ತು ಮೊಲದ ಮೋಟುಬಾಲ ಕಾಲ ನಡುವೆ ಮಡಚಿಕೊಳ್ಳುವಷ್ಟು ಉದ್ದವಿರುವುದಿಲ್ಲ.

ಇನ್ನು ‘ಕೌವರ್’ ಈ ಬಳಗದ್ದಲ್ಲ. ಅದು ಉತ್ತರ ಯುರೋಪಿನ ಜರ್ಮನಿಕ್ ನುಡಿಗಳಿಂದ ಬಂದ, ಕುಕ್ಕರಿಸುವುದು, ಹೊಂಚುವುದು ಎಂಬ ಅರ್ಥಗಳ ಬೇರೆಯೇ ಕ್ರಿಯಾಪದ. ಬೆದರಿಸಿ ಬಗ್ಗಿಸುವುದಕ್ಕೆ ಬಳಸುವ ‘ಕೌ’ ಎಂಬ ಕ್ರಿಯಾಪದವೂ ಬಹುಶಃ ಸ್ಕ್ಯಾಂಡಿನೇವಿಯಾದ ಹಳೆಯ ನುಡಿಯಿಂದ ಬಂದದ್ದು. ಅಲ್ಲಿಯೂ ಹಸುವಿನ ಸುಳಿವಿಲ್ಲ.